ಹರಳಿನ ಬೆನ್ನ ಹಿಂದಿನ ಬೆಳಕು

ಮೀರಾ ಮೆಸಾ, ಸ್ಯಾನ್ ಡಿಯಾಗೊ
14 ಸೆಪ್ಟೆಂಬರ್ 2003

ಪ್ರೀತಿಯ ಸಾಬೆರಾ,

ಹೋದ ವಾರ ಫೋನಿನಲ್ಲಿ ನೀನು ಹೇಳಿದ್ದೇನು, ನಾನು ಕೇಳಿಸಿಕೊಂಡದ್ದೇನು, ಆ ದೇವರಿಗೇ ಗೊತ್ತು. ನಿನ್ನ ಮಗಳು ಅಲೀನಾಳ ನಿಕಾಹ್ ಗೊತ್ತಾಯಿತು ಎಂದು ನೀನು ಹೇಳಿದೆಯಂತೆ. ನಾನು ‘ಅಯ್ಯೋ ಪಾಪ, ಯಾವ ಆಸ್ಪತ್ರೆ?’ ಎಂದು ಕೇಳಿದೆನಂತೆ. ಪಕ್ಕದಲ್ಲಿ ಕೂತಿದ್ದ ನಮ್ಮ ಯಜಮಾನರು ಉದಯಶಂಕರ್ ನಕ್ಕೂ ನಕ್ಕೂ ಸುಸ್ತಾದರು. ಎಡಗಿವಿ ಪೂರ್ತಿ ಕೈಕೊಟ್ಟಿದೆ ಕಣೇ. ಬಲಗಿವಿಯ ಮಿಷನ್ನು ಫೋನಿನ ಹತ್ತಿರ ಹೋದರೆ ಕುಯ್ಯೋ ಎನ್ನುತ್ತದೆ. ಇನ್ನು ಮೇಲೆ ಕಾಗದವೇ ಗತಿ. ಇಮೇಲಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಕಾರಿನ ನಂಬರ್ ಪ್ಲೇಟ್ ಓದಿದ ಹಾಗಿರುತ್ತದೆ. ಮೈಸೂರಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಕನ್ನಡ ಕಲಿತವರು ನಾವು, ನಮಗೇಕೆ ಆ ಕರ್ಮ?

ಮಗಳ ಮದುವೆಗೆ ಮನಸಾರೆ ಹರಸುತ್ತೇನೆ. ಜನವರಿ ಹತ್ತಕ್ಕೆ ನಾವಿಬ್ಬರೂ ಲಾಸ್ ಏಂಜಲಿಸ್‌ಗೆ ಬಂದೇ ಬರುತ್ತೇವೆ.

ಈಗ ನಾನು ಬರೆಯಲು ಕೂತ ವಿಷಯ. ನಾನು ಮ್ಯೂಸಿಯಮ್ಮಿನಲ್ಲಿ ಸಂಬಳವಿಲ್ಲದ ಗೈಡ್ ಆಗಿರುವುದು ನಿನಗೆ ಗೊತ್ತಲ್ಲ. ಅಲ್ಲಿಗೆ ಯುರೋಪಿನಿಂದ ಒಂದು ಪ್ರದರ್ಶನ ಬಂದಿದೆ. ಸಾವಿರದ ಮುನ್ನೂರು, ಸಾವಿರದ ನಾನೂರು ವರ್ಷದ ಹಿಂದೆ ಇಂಗ್ಲೆಂಡ್, ಜರ್ಮನಿ, ಸ್ವೀಡನ್ ಕಡೆ ಸತ್ತವರ ಜೊತೆ ಹೂತಿಟ್ಟ ಒಡವೆ ವಸ್ತುಗಳು. ಅದರಲ್ಲಿ ಒಂದು ದುಂಡನೆಯ ಚಿನ್ನದ ಬ್ರೂಚ್ ಇದೆ. ಅದರ ಮೈತುಂಬ ಚಿನ್ನದ ಗೋಡೆ ಕಟ್ಟಿದ ಪುಟ್ಟ ಪುಟ್ಟ ಮನೆಗಳು, ಮನೆಗೊಂದು ಕೆಂಪು ಹರಳು. ಇಂಗ್ಲೆಂಡಿನ ದಕ್ಷಿಣದಲ್ಲಿ ಒಬ್ಬ ಹೆಂಗಸಿನ ಗೋರಿಯಲ್ಲಿ ಸಿಕ್ಕಿದ್ದಂತೆ. ಕೆಳಗಿನ ಚೀಟಿಯಲ್ಲಿ ಏನು ಬರೆದಿದ್ದಾರೆ ಗೊತ್ತಾ? ಹರಳುಗಳು ಗಾರ್ನೆಟ್, ಬಂದದ್ದು ಭಾರತದಿಂದ ಅಥವಾ ಶ್ರೀಲಂಕಾದಿಂದ!

ನಾನು ನಿಂತಲ್ಲೇ ನಿಂತೆ. ವಿಮಾನದಲ್ಲಿ ಬಂದ ನಮಗೇ ಈ ದೇಶ ತಲುಪುವಷ್ಟರಲ್ಲಿ ಸೊಂಟ ಬಿದ್ದುಹೋಗಿತ್ತು. ಈ ಹರಳು ನಮ್ಮ ಕಡೆಯ ಯಾವುದೋ ಹೊಳೆಯ ಮರಳಿನಿಂದ ಎದ್ದು, ಹಡಗು ಹತ್ತಿ, ಒಂಟೆ ಹತ್ತಿ, ಹಿಮದ ನಾಡಿನ ಒಬ್ಬ ಹೆಂಗಸಿನ ಎದೆಯ ಮೇಲೆ ಹೋಗಿ ಕೂತಿತ್ತು. ಆಗ ನನ್ನ ಕಣ್ಣಲ್ಲಿ ನೀರು ಬಂತು, ಯಾಕೆ ಎಂದು ಕೇಳಬೇಡ. ನಿನ್ನ ಅಬ್ಬಾ ಹರಳು ಕೂರಿಸುತ್ತಿದ್ದದ್ದು ನೆನಪಾಯಿತು. ನಿನಗೆ ಹೇಳದೆ ಯಾರಿಗೆ ಹೇಳಲಿ?

ನಿನ್ನ
ಜಯಾ

•

ಪೋರ್ಟರ್ ರ್ಯಾಂಚ್, ಲಾಸ್ ಏಂಜಲಿಸ್
27 ಸೆಪ್ಟೆಂಬರ್ 2003

ಜಯಾ,

ನಿನ್ನ ಕಾಗದವನ್ನು ನಮ್ಮ ಯಜಮಾನರು ಇಕ್ಬಾಲ್‌ಗೆ ಓದಿ ಹೇಳಿದೆ. ‘ಇಂಗ್ಲಿಷ್‌ನವರಿಗೆ ಆಗಿನಿಂದಲೂ ನಮ್ಮ ಒಡವೆ ಮೇಲೇ ಕಣ್ಣು’ ಎಂದು ಹೇಳಿ ತಮ್ಮ ಔಷಧದ ಅಂಗಡಿಗೆ ಹೊರಟುಹೋದರು. ಗಂಡಸರ ಜೊತೆ ಇಂಥದ್ದು ಮಾತಾಡಬಾರದು.

ಜಯಾ, ನನಗೆ ಎರಡು ದಿನ ಬೇರೆ ಯೋಚನೆಯೇ ಬರಲಿಲ್ಲ. ಆ ಕಲ್ಲನ್ನು ಅಬ್ಬಾ ತಾಮಡಾ ಎನ್ನುತ್ತಿದ್ದರು. ಕೊಳ್ಳುವವರು ಅದನ್ನು ಕೆಂಪು, ಅಂದರೆ ಮಾಣಿಕ್ಯ, ಎಂದುಕೊಂಡು ಸಂತೋಷವಾಗಿ ಹೋಗುತ್ತಿದ್ದರು. ಅಬ್ಬಾ ಮಾತ್ರ ‘ಇದು ಕೆಂಪಲ್ಲಮ್ಮ, ತಾಮಡಾ’ ಎಂದು ಪ್ರತಿಯೊಬ್ಬರಿಗೂ ಹೇಳಿಯೇ ಕೊಡುತ್ತಿದ್ದರು. ಅದು ತುಂಬ ಕತ್ತಲೆಯ ಕಲ್ಲು. ಬರೀ ಕಲ್ಲನ್ನು ಮೇಜಿನ ಮೇಲಿಟ್ಟರೆ ಹುಣಿಸೆ ಬೀಜದ ಬಣ್ಣ. ತೆಳ್ಳಗೆ ಸೀಳಿ, ಚಿನ್ನದ ಮನೆಯೊಳಗೆ ಅರಗು ತುಂಬಿ, ಅರಗಿನ ಮೇಲೆ ಹೊಳೆಯುವ ತಗಡು ಹಾಸಿ, ಅದರ ಮೇಲೆ ಕೂರಿಸಿದಾಗಲೇ ಅದಕ್ಕೆ ಜೀವ ಬರುವುದು. ತಗಡನ್ನು ಅಕೀಕ್ ಕಲ್ಲಿನಿಂದ ತಿಕ್ಕಿ ಹೊಳಪು ಕೊಡುವುದು ಹೆಣ್ಣುಮಕ್ಕಳಾದ ನಮ್ಮ ಕೆಲಸ. ಕೂರಿಸುವ ಮಣೆಯ ಹತ್ತಿರ ನಮ್ಮನ್ನು ಬಿಡುತ್ತಿರಲಿಲ್ಲ. ತಗಡಿಗೆ ಅಬ್ಬಾ ಏನೋ ಬಣ್ಣ ಏರಿಸುತ್ತಿದ್ದರು. ಅದನ್ನು ಪರದೆ ಎಳೆದುಕೊಂಡು ಮಾಡುತ್ತಿದ್ದರು, ನನ್ನ ಅಣ್ಣ ಮುಜ್ತಬಾಗೂ ಹೇಳಿಕೊಡಲಿಲ್ಲ.

ಅಮ್ಮಿಗೆಂದು ಅಬ್ಬಾ ಮಾಡಿದ ತಾಮಡಾ ಹರಳಿನ ಅಡ್ಡಿಕೆ ನನ್ನ ಹತ್ತಿರ ಇದೆ. ನನ್ನ ನಿಕಾಹ್‌ನಲ್ಲಿ ನೀನೇ ನನ್ನ ಕೊರಳ ಹಿಂದೆ ಅದರ ದಾರ ಕಟ್ಟಿದ್ದು. ಅಲೀನಾ ಅದನ್ನೇ ಹಾಕಿಕೊಳ್ಳುತ್ತಾಳಂತೆ. ಇಲ್ಲಿ ಹುಟ್ಟಿದ ಹುಡುಗಿ ವಜ್ರ ಕೇಳುತ್ತಾಳೇನೋ ಎಂದುಕೊಂಡಿದ್ದೆ. ‘ನೋ ಅಮ್ಮಿ, ಓನ್ಲಿ ನಾನಾಸ್ ನೆಕ್ಲೇಸ್’ ಎಂದಳು. ಅಬ್ಬಾ ಅವಳನ್ನು ನೋಡಿದ್ದೇ ಇಲ್ಲ. ಹಾಗಾದರೂ ಅವರ ಕೈ ಅವಳ ಕೊರಳಿಗೆ ತಾಗುತ್ತದಲ್ಲ, ನನಗೆ ಅಷ್ಟು ಸಾಕು.

ಆ ಇಂಗ್ಲೆಂಡಿನ ಹೆಂಗಸಿಗೂ ಮಗಳಿದ್ದಳೋ ಏನೋ. ಇದ್ದರೆ ಒಡವೆಯನ್ನು ಮಣ್ಣಿಗೆ ಯಾಕೆ ಹಾಕಿದರು? ವಿಚಾರಿಸಿ ಬರೆ.

ಸಾಬೆರಾ

•

ಮೀರಾ ಮೆಸಾ
12 ಅಕ್ಟೋಬರ್ 2003

ಪ್ರೀತಿಯ ಸಾಬೆರಾ,

ಮಗಳಿದ್ದಳೋ ಇಲ್ಲವೋ ಯಾರಿಗೂ ಗೊತ್ತಿಲ್ಲವಂತೆ. ಮೂಳೆಯೂ ಉಳಿದಿಲ್ಲ, ಒಡವೆ ಮಾತ್ರ ಉಳಿದಿದೆ.

ನಾನೀಗ ಮ್ಯೂಸಿಯಮ್ಮಿಗೆ ಹೋದ ದಿನವೆಲ್ಲ ಅದೇ ಕೋಣೆಯಲ್ಲಿ ಇರುತ್ತೇನೆ, ಹಾಗಾಗಿ ಪ್ರತಿಯೊಂದನ್ನೂ ಅರೆದು ಕುಡಿದಿದ್ದೇನೆ. ಇಂಗ್ಲೆಂಡಿನ ಗೋರಿಗಳಲ್ಲಿ ಕವಡೆ ಸಿಕ್ಕಿದೆ ಕಣೇ! ನಾವು ಚೌಕಾಬಾರ ಆಡುತ್ತಿದ್ದೆವಲ್ಲ, ಅದರ ದೊಡ್ಡಪ್ಪನಂಥ ಕವಡೆ, ಕೆಂಪು ಸಮುದ್ರದ ಕಡೆಯದು. ಹೆಂಗಸರು ಸೊಂಟದ ಚೀಲದ ಬಾಯಿಗೆ ಆನೆದಂತದ ಬಳೆ ಹಾಕಿಕೊಳ್ಳುತ್ತಿದ್ದರಂತೆ. ಆನೆ ಎಂಬ ಪ್ರಾಣಿಯನ್ನು ಅವರು ಕನಸಿನಲ್ಲಾದರೂ ಕಂಡಿದ್ದರೇ? ಸ್ವೀಡನ್ನಿನ ಒಂದು ದ್ವೀಪದಲ್ಲಿ ಅಗೆಯುವಾಗ ಬೆರಳುದ್ದದ ಬುದ್ಧ ಸಿಕ್ಕಿದ್ದಾನೆ. ಅದರ ಫೋಟೊ ಮಾತ್ರ ಇಲ್ಲಿದೆ. ಕಣ್ಣು ಮುಚ್ಚಿ ಹಾಯಾಗಿ ಕೂತಿದ್ದಾನೆ, ಆ ಚಳಿಯಲ್ಲಿ! ಉತ್ತರ ಇಂಗ್ಲೆಂಡಿನ ಒಬ್ಬ ಮುದುಕ ಸನ್ಯಾಸಿ ಸಾಯುವ ಮುಂಚೆ ತನ್ನ ಪೆಟ್ಟಿಗೆ ತರಿಸಿ, ಅದರಲ್ಲಿದ್ದ ಅಮೂಲ್ಯ ವಸ್ತುಗಳನ್ನು ಜೊತೆಯವರಿಗೆ ಹಂಚಿದನಂತೆ. ಅದರಲ್ಲಿ ಕರಿಮೆಣಸೂ ಇತ್ತು. ನಾನು ಆವತ್ತು ಮನೆಗೆ ಬಂದು ಸಾರಿಗೆ ಮೆಣಸು ಕುಟ್ಟುವಾಗ ಒಂದು ಕಾಳು ಕೆಳಗೆ ಬಿತ್ತು. ಬಗ್ಗಿ ಹುಡುಕಿ ತೆಗೆದೆ.

ನಮ್ಮವರು ಟೆಲಿಕಾಂ ತಲೆಯವರಲ್ಲವೇ, ಅವರ ವಿವರಣೆ ಬೇರೆ. ‘ನೋಡು ಜಯಾ, ಮೈಸೂರಿನವನು ಲಂಡನ್ನಿಗೆ ಹೋಗಲೇ ಇಲ್ಲ. ಒಬ್ಬನು ಪಕ್ಕದ ಊರಿಗೆ ಕೊಟ್ಟ, ಅವನು ಅದರ ಪಕ್ಕದ ಊರಿಗೆ ಕೊಟ್ಟ. ಯಾರಿಗೂ ಪೂರ್ತಿ ದಾರಿ ಗೊತ್ತಿಲ್ಲ, ಆದರೂ ಮಾಲು ತಲುಪಿತು. ನಮ್ಮ ನೆಟ್‌ವರ್ಕ್ ಕೂಡ ಹೀಗೇ ಕಣೇ’ ಎಂದರು. ಮದುವೆಯಾದ ಮೇಲೆ ಅವರು ಹೇಳಿದ ಮಾತು ನನಗೆ ರೋಮಾಂಚನ ತಂದದ್ದು ಇದೇ ಮೊದಲು.

ಬ್ರೂಚಿನಲ್ಲಿ ಒಂದು ಹರಳು ಬಿದ್ದುಹೋಗಿದೆ, ಆ ಮನೆ ಖಾಲಿ ಇದೆ. ಹಲ್ಲು ಬಿದ್ದ ಮಗುವಿನ ನಗುವಿನಂತೆ ಕಾಣುತ್ತದೆ. ಅಂದ ಹಾಗೆ, ನಿನ್ನ ಅತ್ತೆಗೆ ನಿನ್ನ ಅಡ್ಡಿಕೆಯದು ಕೆಂಪಲ್ಲ ತಾಮಡಾ ಎಂದು ಗೊತ್ತಿತ್ತೇ? ಇಲ್ಲವಾದರೆ ನಿನ್ನ ಅಬ್ಬಾ ಬೀಗರ ಕಣ್ಣಿಗೆ ಚೆನ್ನಾಗಿಯೇ ಮಣ್ಣೆರಚಿದರು ಬಿಡು!

ಜಯಾ

•

ಮೀರಾ ಮೆಸಾ
2 ನವೆಂಬರ್ 2003

ಸಾಬೆರಾ,

ನೀವೆಲ್ಲ ಕ್ಷೇಮವೇ? ಟಿವಿಯಲ್ಲಿ ನಿಮ್ಮ ಗುಡ್ಡದ ಹಿಂದೆ ಬೆಂಕಿ ಕಂಡು ನನ್ನ ಜೀವ ಬಾಯಿಗೆ ಬಂತು. ನಮ್ಮವರು ಫೋನ್ ಮಾಡಿದಾಗ ಇಕ್ಬಾಲ್ ಭಾಯಿ ‘ಮನೆ ಉಳಿದಿದೆ, ಎಲ್ಲರೂ ಚೆನ್ನಾಗಿದ್ದೇವೆ’ ಎಂದರಂತೆ. ಅಷ್ಟರಿಂದ ನನಗೆ ಸಮಾಧಾನವಿಲ್ಲ, ನಿನ್ನ ಕೈಬರಹ ನೋಡಬೇಕು. ಇಲ್ಲಿ ಹೈವೇ ಆಚೆ ಬದಿಯ ಮನೆಗಳೆಲ್ಲ ಹೋದವು. ದೀಪಾವಳಿಯ ಮಾರನೆಯ ದಿನ ನಮ್ಮ ಕಾರಿನ ಮೇಲೆ ಬೂದಿ ಸುರಿದಿತ್ತು, ಮಧ್ಯಾಹ್ನವೇ ಆಕಾಶ ಕಿತ್ತಳೆ ಬಣ್ಣವಾಗಿತ್ತು. ಹಣತೆ ಹಚ್ಚಲು ನನಗೆ ಕೈ ಬರಲಿಲ್ಲ.

ಎರಡು ಸಾಲು ಬರೆ, ಸಾಕು.

ಜಯಾ

•

ಪೋರ್ಟರ್ ರ್ಯಾಂಚ್
9 ನವೆಂಬರ್ 2003

ಜಯಾ,

ಕ್ಷೇಮ. ಎರಡು ದಿನ ಇಕ್ಬಾಲ್ ತಮ್ಮನ ಮನೆಯಲ್ಲಿದ್ದೆವು. ಮನೆಗೆ ಏನೂ ಆಗಿಲ್ಲ, ಹೊಗೆಯ ವಾಸನೆ ಮಾತ್ರ ಹೋಗುತ್ತಿಲ್ಲ. ರಂಜಾನಿನ ರೋಜಾ ನಡೆಯುತ್ತಿದೆ.

ನಿನ್ನಿಂದ ಒಂದು ವಿಷಯ ಬೇಕು. ಆ ಬ್ರೂಚಿನ ಖಾಲಿ ಮನೆಯೊಳಗೆ ತಳದಲ್ಲಿ ಏನಿದೆ? ಬೇರೆ ಏನೂ ಬೇಡ, ಅದೊಂದನ್ನು ಬರೆ.

ಸಾಬೆರಾ

•

ಮೀರಾ ಮೆಸಾ
16 ನವೆಂಬರ್ 2003

ಸಾಬೆರಾ,

ಎರಡು ಸಾಲು ಬರೆ ಎಂದದ್ದು ನಾನೇ. ನೀನು ಇಷ್ಟು ಅಕ್ಷರಶಃ ಪಾಲಿಸುತ್ತೀಯ ಎಂದುಕೊಂಡಿರಲಿಲ್ಲ.

ನಿನ್ನ ಕಾಗದದಲ್ಲಿ ‘ಪ್ರೀತಿಯ’ ಎಂಬುದಂತೂ ಮೊದಲಿನಿಂದಲೂ ಇಲ್ಲ, ಅದು ನಿನ್ನ ಸ್ವಭಾವ, ಗೊತ್ತು. ಆದರೆ ಈ ಸಲದ್ದು ಬ್ಯಾಂಕಿನಿಂದ ಬಂದ ಕಾಗದದ ಹಾಗಿತ್ತು. ನಿನ್ನ ಅಬ್ಬಾ ಬಗ್ಗೆ ನಾನು ಬರೆದ ತಮಾಷೆ ಚುಚ್ಚಿತೇ? ಅವರು ಯಾರ ಕಣ್ಣಿಗೂ ಮಣ್ಣೆರಚುವವರಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರ ಪಡಸಾಲೆಯಲ್ಲಿ ಕೂತು ಎಷ್ಟು ಶೀರ್ ಖುರ್ಮಾ ಕುಡಿದಿಲ್ಲ ನಾನು? ತಪ್ಪಾಗಿದ್ದರೆ ಎರಡು ಬೈಗುಳ ಬರೆದುಬಿಡು, ಓದಿಕೊಂಡು ಹಗುರಾಗುತ್ತೇನೆ. ನಿನ್ನ ಮೌನ ನನಗೆ ತಡೆಯಲಾಗದು. ಮೊದಲೇ ನನ್ನ ಸುತ್ತ ಅದು ಬೇಕಾದಷ್ಟಿದೆ.

ಖಾಲಿ ಮನೆಯಲ್ಲಿ ಚಿನ್ನ ಇರಬೇಕು. ಹಳದಿಯಾಗಿ ಏನೋ ಕಾಣುತ್ತದೆ.

ಜಯಾ

•

ಪೋರ್ಟರ್ ರ್ಯಾಂಚ್
23 ನವೆಂಬರ್ 2003

ಜಯಾ,

‘ಇರಬೇಕು’, ‘ಏನೋ’! ಅಷ್ಟು ದೊಡ್ಡ ಮ್ಯೂಸಿಯಮ್ಮಿನ ಗೈಡ್ ಆಗಿ ಗಾಜಿನ ಪೆಟ್ಟಿಗೆ ತೆಗೆಸಿ ನೋಡಲು ಆಗಲಿಲ್ಲವೇ? ತಮಾಷೆಗೆ ಕೋಪ ಮಾಡಿಕೊಳ್ಳುವಷ್ಟು ಪುರಸೊತ್ತು ನನಗಿಲ್ಲ. ನಡೆದದ್ದು ಹೇಳುತ್ತೇನೆ, ಓದು.

ಬೆಂಕಿಯ ಭಯಕ್ಕೆ ಒಡವೆಯನ್ನೆಲ್ಲ ಒಂದು ಚೀಲಕ್ಕೆ ಹಾಕಿ ಕಾರಿನಲ್ಲಿಟ್ಟಿದ್ದೆವು. ವಾಪಸು ಬಂದಾಗ ಎಲ್ಲಕ್ಕೂ ಮಸಿ, ಹೊಗೆಯ ವಾಸನೆ. ನಾನು ಗೋಡೆ ಒರೆಸುತ್ತಿದ್ದೆ. ಅಲೀನಾ ನನಗೆ ಸಹಾಯವಾಗಲಿ ಎಂದು ಒಡವೆ ತೊಳೆಯುವ ಆ ಗುಂಯ್‌ಗುಟ್ಟುವ ಮಿಷನ್ನಿನಲ್ಲಿ ಸೋಪಿನ ಬಿಸಿನೀರು ಹಾಕಿ ಎಲ್ಲವನ್ನೂ ಮುಳುಗಿಸಿದಳು. ಅಡ್ಡಿಕೆಯನ್ನೂ.

ಅರಗು ತುಂಬಿ ತಗಡು ಹಾಸಿದ ಒಡವೆಗೆ ಹನಿ ನೀರು ತಾಗಬಾರದು ಜಯಾ. ಒಣಬಟ್ಟೆಯಲ್ಲಿ ಒರೆಸಿ ಹತ್ತಿಯಲ್ಲಿ ಸುತ್ತಿಡುವುದು ನಮ್ಮ ಮನೆಯ ಕೂಸುಗಳಿಗೂ ಗೊತ್ತಿತ್ತು. ಇವಳಿಗೆ ಯಾರು ಹೇಳಿದ್ದರು? ನಾನೇ ಹೇಳಿರಲಿಲ್ಲ. ಹೇಳಬೇಕಾದ ಮಾತು ಎಂದು ನನಗೆ ಹೊಳೆದೇ ಇರಲಿಲ್ಲ. ಹರಳಿನ ಹಿಂದೆ ನೀರು ಹೋಗಿ ತಗಡು ಕಪ್ಪಾಯಿತು. ಅರ್ಧಕ್ಕಿಂತ ಹೆಚ್ಚು ಹರಳು ಸತ್ತುಹೋಗಿವೆ. ‘ಇಟ್ ವಾಸ್ ರೆಡ್ ದಿಸ್ ಮಾರ್ನಿಂಗ್, ಅಮ್ಮಿ’ ಎನ್ನುತ್ತ ಅಂಗೈಯಲ್ಲಿ ಹಿಡಿದುಕೊಂಡು ಬಂದಳು. ನಾನು ‘ನೀನು ನನ್ನ ಅಬ್ಬಾನ್ನ ಮುಳುಗಿಸಿ ಕೊಂದೆ’ ಎಂದುಬಿಟ್ಟೆ. ಆವತ್ತಿನಿಂದ ಅವಳು ತಾನು ಕೆಲಸ ಮಾಡುವ ಲ್ಯಾಬಿನಿಂದ ತಡವಾಗಿ ಬರುತ್ತಾಳೆ, ರೂಮಿನ ಬಾಗಿಲು ಹಾಕಿಕೊಳ್ಳುತ್ತಾಳೆ. ಇಫ್ತಾರಿಗೂ ಒಟ್ಟಿಗೆ ಕೂರುವುದಿಲ್ಲ. ಮದುವೆಗೆ ಒಡವೆಯೇ ಬೇಡ, ಬರೀ ಕೊರಳಲ್ಲಿ ಕೂರುತ್ತೇನೆ ಎಂದು ಅವರ ಅಪ್ಪನ ಹತ್ತಿರ ಹೇಳಿದ್ದಾಳೆ. ನನ್ನ ಹತ್ತಿರ ಅಲ್ಲ.

ಡೌನ್‌ಟೌನಿನ ಒಡವೆ ಬೀದಿಯಲ್ಲಿ ಮೂರು ನಾಲ್ಕು ಅಂಗಡಿ ಸುತ್ತಿದೆ. ‘ಹಳೇ ಕಲ್ಲು ಎಸೆದು ಹೊಸ ಕೆಂಪು ಹಾಕೋಣ’ ಎನ್ನುತ್ತಾರೆ. ಮೈಸೂರಿನಲ್ಲಿ ಆ ಕೆಲಸ ಬಿಟ್ಟು ಮೊಬೈಲ್ ಅಂಗಡಿ ಇಟ್ಟಿರುವ ಮುಜ್ತಬಾ ಭಾಯಿಗೆ ಫೋನ್ ಮಾಡಿದರೆ, ‘ಅಬ್ಬಾ ಜೊತೆಗೇ ಹೋಯಿತು ಬಿಡಮ್ಮಾ’ ಎಂದ. ಕೊನೆಗೆ ನಾನೇ ಕ್ರೋಶಾ ಕಡ್ಡಿಯಿಂದ ಒಂದು ಹರಳು ಎಬ್ಬಿಸಿದೆ. ತಗಡಿನ ಜಾಗದಲ್ಲಿ ಕಪ್ಪು ಕೆಸರಿತ್ತು. ಹೊಸ ಚಿನ್ನದ ತಗಡು ತಂದು ಕನ್ನಡಿಯಂತೆ ತಿಕ್ಕಿ ಹಾಸಿ ಕೂರಿಸಿದರೆ, ನೇರ ನೋಡಿದಾಗ ಕೆಂಪು, ಕತ್ತು ಒಂಚೂರು ಓರೆ ಮಾಡಿದರೆ ಮತ್ತೆ ಹುಣಿಸೆ ಬೀಜ. ಅಬ್ಬಾ ಏರಿಸುತ್ತಿದ್ದ ಬಣ್ಣ ನನಗೆ ಗೊತ್ತಿಲ್ಲ.

ಆಮೇಲೆ ನಿನ್ನ ಇಂಗ್ಲೆಂಡಿನ ಹೆಂಗಸು ನೆನಪಾದಳು. ಅವಳ ಹರಳೂ ತಾಮಡಾ ತಾನೆ? ಅವಳ ಕಡೆಯ ಕಸಬುದಾರನಿಗೂ ಅದೇ ಕತ್ತಲೆಯ ಕಲ್ಲು ಕೈಗೆ ಬಂದಿತ್ತಲ್ಲ? ಅವನು ಏನು ಮಾಡಿದ? ಮಂಜು ಕವಿದ ದೇಶದಲ್ಲಿ ಆ ಕಲ್ಲಿಗೆ ಹೇಗೆ ಜೀವ ತಂದ? ಕೇಳೋಣ ಎಂದರೆ ಅವನು ಸತ್ತು ಯಾವ ಕಾಲವಾಯಿತೋ. ಇನ್ನು ನೀನೇ ನನ್ನ ಪರವಾಗಿ ನೋಡಬೇಕು. ಸರಿಯಾಗಿ ನೋಡು.

ಸಾಬೆರಾ

•

ಮೀರಾ ಮೆಸಾ
3 ಡಿಸೆಂಬರ್ 2003

ಪ್ರೀತಿಯ ಸಾಬೆರಾ,

ಈದ್ ಮುಬಾರಕ್, ತಡವಾಗಿ.

ನಿನ್ನ ಕಾಗದ ಓದಿ ಅತ್ತೆ. ಆಮೇಲೆ ಮುಖ ತೊಳೆದುಕೊಂಡು ಮ್ಯೂಸಿಯಮ್ಮಿಗೆ ಹೋದೆ. ನಾನು ನಿನಗೆ ಹೇಳದೆ ಬಿಟ್ಟದ್ದೊಂದಿದೆ. ನಾನೀಗ ಗೈಡ್ ಅಲ್ಲ. ಅಕ್ಟೋಬರಿನಿಂದ ಅಲ್ಲ. ಮಕ್ಕಳು ಕೇಳುವ ಪ್ರಶ್ನೆ ಒಂದೂ ನನ್ನ ಕಿವಿಗೆ ಬೀಳುತ್ತಿರಲಿಲ್ಲ. ಒಬ್ಬ ಹುಡುಗಿ ಟಾಯ್ಲೆಟ್ ಎಲ್ಲಿ ಎಂದು ಕೇಳಿದರೆ ನಾನು ರೋಮ್ ಸಾಮ್ರಾಜ್ಯ ಹೇಗೆ ಬಿತ್ತು ಎಂದು ವಿವರಿಸಿದೆನಂತೆ. ಪಾಪ, ಅವರು ಮರ್ಯಾದೆಯಾಗಿಯೇ ‘ನೀವು ಕೋಣೆಯಲ್ಲಿ ಕೂತು ನೋಡಿಕೊಳ್ಳಿ, ಯಾರೂ ಗಾಜು ಮುಟ್ಟದ ಹಾಗೆ’ ಎಂದರು. ಒಂದು ಕುರ್ಚಿ ಕೊಟ್ಟಿದ್ದಾರೆ. ಪೆಟ್ಟಿಗೆ ತೆಗೆಸುವುದಿರಲಿ, ಅದರ ಬೀಗದ ಕೈ ಯಾರ ಹತ್ತಿರ ಇದೆಯೆಂಬುದೂ ನನಗೆ ಗೊತ್ತಿಲ್ಲ. ನಿನ್ನ ಮುಂದೆ ಸಣ್ಣವಳಾಗುತ್ತೇನೆ ಎಂದು ಬರೆಯಲಿಲ್ಲ.

ಇರಲಿ. ನಮ್ಮವರ ಭೂತಗನ್ನಡಿ ತೆಗೆದುಕೊಂಡು ಹೋಗಿ ಗಾಜಿಗೆ ಮೂಗು ಒತ್ತಿ ನಿಂತೆ. ಗಾಜು ಮುಟ್ಟಬೇಡಿ ಎನ್ನಬೇಕಾದವಳೇ ನಾನು! ಕಾವಲಿನ ರೊಲಾಂಡೊ ಬಂದು ಭುಜ ತಟ್ಟಿದ. ಫಿಲಿಪೈನ್ಸಿನವನು, ನಮ್ಮ ಬೀದಿಯಲ್ಲೇ ಇರುತ್ತಾನೆ. ನಿನ್ನ ಕಥೆಯನ್ನೆಲ್ಲ ಹೇಳಿದೆ, ಅಡ್ಡಿಕೆ, ಬೆಂಕಿ, ಮಿಷನ್ನು, ಅಲೀನಾ, ಎಲ್ಲ. ಅವನು ಆ ಕಡೆ ಈ ಕಡೆ ನೋಡಿ, ತನ್ನ ಸೊಂಟದ ಟಾರ್ಚ್ ತೆಗೆದು, ಗಾಜಿನ ಬದಿಯಿಂದ ಓರೆಯಾಗಿ ಬೆಳಕು ಬಿಟ್ಟ.

ಸಾಬೆರಾ, ಕಂಡಿತು ಕಣೇ!

ತಳದಲ್ಲಿ ಚಿನ್ನದ ತಗಡೇ ಇದೆ. ಆದರೆ ನುಣ್ಣಗಿಲ್ಲ. ಅದರ ಮೇಲೆಲ್ಲ ಚೌಕಳಿ. ಸ್ಕೂಲಿನ ಗ್ರಾಫ್ ಹಾಳೆಯಂತೆ ಅಡ್ಡ ಗೆರೆ, ಉದ್ದ ಗೆರೆ. ಎಷ್ಟು ಸಣ್ಣದೆಂದರೆ ಒಂದು ಎಳ್ಳಿನ ಅಗಲದಲ್ಲಿ ಹತ್ತಾರು ಗೆರೆ. ಗೀಚಿದ್ದಲ್ಲ, ಒತ್ತಿದ್ದು. ಪ್ರತಿ ಚೌಕವೂ ಒಂದು ಕುಳಿ. ರೊಲಾಂಡೊ ಟಾರ್ಚನ್ನು ಎತ್ತ ತಿರುಗಿಸಿದರೂ ಯಾವುದೋ ಒಂದು ಕುಳಿ ಬೆಳಕನ್ನು ಹಿಡಿದು ವಾಪಸು ಕೊಡುತ್ತಿತ್ತು. ಅದಕ್ಕೇ ಉಳಿದ ಹರಳುಗಳು ನಾನು ಯಾವ ಮೂಲೆಯಲ್ಲಿ ಕೂತರೂ ಕೆಂಪಾಗಿ ಕಾಣುತ್ತಿದ್ದವು, ಇಷ್ಟು ದಿನ ನನಗೆ ತಿಳಿದೇ ಇರಲಿಲ್ಲ. ಯಾವ ಮಂತ್ರವಾದಿ ಮಾಡಿದ್ದು ಅದು? ಭೂತಗನ್ನಡಿಯೂ ಇಲ್ಲದ ಕಾಲದಲ್ಲಿ? ರೊಲಾಂಡೊ ಶಿಲುಬೆಯ ಗುರುತು ಮಾಡಿಕೊಂಡ.

ಹಿಂದಿನ ಪುಟದಲ್ಲಿ ಚಿತ್ರ ಬರೆದಿದ್ದೇನೆ, ನಕ್ಕರೆ ನೋಡು. ಪ್ರದರ್ಶನ ಹದಿನಾಲ್ಕಕ್ಕೆ ಮುಗಿಯುತ್ತದೆ. ಇನ್ನೇನಾದರೂ ನೋಡಬೇಕಿದ್ದರೆ ಅಷ್ಟರೊಳಗೆ ಬರೆ.

ಜಯಾ

•

ಪೋರ್ಟರ್ ರ್ಯಾಂಚ್
21 ಡಿಸೆಂಬರ್ 2003

ಪ್ರೀತಿಯ ಜಯಾ,

ಕುರ್ಚಿ ಕೊಟ್ಟವರು ಪುಣ್ಯವಂತರು. ಗೈಡ್ ಆಗಿದ್ದರೆ ನೀನು ಮಾತಾಡುತ್ತ ಇರುತ್ತಿದ್ದೆಯೇ ಹೊರತು ನೋಡುತ್ತಿರಲಿಲ್ಲ. ಇನ್ನೊಂದು ಸಲ ‘ಸಣ್ಣವಳಾಗುತ್ತೇನೆ’ ಎಂದು ಬರೆದರೆ ಕಾಗದ ಹರಿದು ಹಾಕುತ್ತೇನೆ.

ನಿನ್ನ ಚಿತ್ರ ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡು ಶುರುಮಾಡಿದೆ. ಸೂಜಿಯಲ್ಲಿ ಗೆರೆ ಎಳೆದರೆ ತಗಡು ಹರಿಯುತ್ತಿತ್ತು. ಟೀ ಸೋಸುವ ಜರಡಿಯ ಮೇಲೆ ಒತ್ತಿದರೆ ಕುಳಿಗಳು ದಪ್ಪ, ಹರಳಿನ ಕೆಳಗೆ ಕಿಟಕಿ ಸರಳಿನ ಹಾಗೆ ಕಾಣುತ್ತಿತ್ತು. ಒಂದು ವಾರ ಹೀಗೇ ಹೋಯಿತು. ತಗಡು ಮುಗಿಯುತ್ತ ಬಂತು. ಮೊನ್ನೆ ಶನಿವಾರ ಬೆಳಿಗ್ಗೆ ಮೇಜಿನ ಮುಂದೆ ಸುಮ್ಮನೆ ಕೂತಿದ್ದೆ. ಅಲೀನಾ ನೀರು ಕುಡಿಯಲು ಬಂದವಳು ಗೋಡೆಯ ಚಿತ್ರ ನೋಡಿದಳು. ‘ವಾಟ್ಸ್ ದಿಸ್?’ ಎಂದಳು. ಬೆಂಕಿಯ ನಂತರ ಅವಳು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ನಾನು ಜರಡಿ ತೋರಿಸಿ, ‘ಇದಕ್ಕಿಂತ ಸಣ್ಣದು ಬೇಕಮ್ಮಾ, ಎಲ್ಲೂ ಇಲ್ಲ’ ಎಂದೆ. ಅವಳು ಲೋಟ ಅಲ್ಲೇ ಇಟ್ಟು ಕಾರು ತೆಗೆದುಕೊಂಡು ಹೋದಳು. ಕೋಪಿಸಿಕೊಂಡು ಹೋದಳು ಎಂದುಕೊಂಡೆ.

ಒಂದು ಗಂಟೆಯಲ್ಲಿ ವಾಪಸು ಬಂದಳು. ಅವಳ ಲ್ಯಾಬಿನಲ್ಲಿ ರಕ್ತ ಮಾಂಸದ ಕಣಗಳನ್ನು ಸೋಸುವ ಬಲೆ ಇದೆಯಂತೆ. ಬೇರೆ ಬೇರೆ ಅಳತೆಯ ತುಂಡುಗಳನ್ನು ಮೇಲಿನವರನ್ನು ಕೇಳಿಯೇ ತಂದಿದ್ದಳು, ಕಣ್ಣಿಗೆ ಬಟ್ಟೆಯ ಹಾಗೆ ಕಾಣುತ್ತವೆ. ನಾನು ತಗಡು ಇಟ್ಟೆ, ಅವಳು ಬಲೆ ಇಟ್ಟಳು. ಅಬ್ಬಾರ ಅಕೀಕ್ ಕಲ್ಲಿನಿಂದ ನಾನು ತಿಕ್ಕಿದೆ. ‘ಹಗೂರಕ್ಕೆ ತಿಕ್ಕು ಅಮ್ಮಿ’ ಎಂದಳು, ನಮ್ಮ ಭಾಷೆಯಲ್ಲೇ! ಬಲೆ ಎತ್ತಿದಾಗ ನಿನ್ನ ಗ್ರಾಫ್ ಹಾಳೆ ತಗಡಿನ ಮೇಲೆ ಮೂಡಿತ್ತು. ಹಳೆಯ ಅರಗನ್ನೇ ಮೇಣದ ಬತ್ತಿಗೆ ಹಿಡಿದು ಮೆತ್ತಗೆ ಮಾಡಿ, ಅದರ ಮೇಲೆ ತಗಡು ಹಾಸಿ, ಹರಳು ಕೂರಿಸಿ, ಚಿನ್ನದ ಅಂಚು ಒತ್ತಿದೆ. ಕಿಟಕಿಯ ಹತ್ತಿರ ಒಯ್ದೆವು.

ಜಯಾ, ಒಲೆಯ ಕೆಂಡ ಊದಿದಾಗ ಏಳುತ್ತದಲ್ಲ, ಹಾಗೆ ಎದ್ದಿತು. ಓರೆ ಮಾಡಿದರೂ ಆರಲಿಲ್ಲ. ತಿರುಗಿಸಿದರೂ ಆರಲಿಲ್ಲ. ಅಲೀನಾ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡಳು. ‘ನಾನು ಕೊಂದೆ ಅಂದೆಯಲ್ಲ ಅಮ್ಮಿ’ ಎಂದು ಅತ್ತಳು. ನಾನು ಅವಳ ತಲೆಯನ್ನು ಎದೆಗೆ ಒತ್ತಿಕೊಂಡೆ. ‘ಆ ಮಾತು ನನ್ನ ಬಾಯಿಂದ ಬರಬಾರದಿತ್ತು ಮಗಳೇ’ ಎಂದೆ.

ಆಮೇಲೆ ನಾನು ತುಂಬ ಹೊತ್ತು ಆ ಹರಳನ್ನೇ ನೋಡುತ್ತ ಕೂತೆ. ಆ ಕಸಬುದಾರನ ಹೆಸರು ನನಗೆ ಗೊತ್ತಿಲ್ಲ. ಅವನಿಗೆ ನಮ್ಮ ದೇಶ ಇದೆಯೆಂಬುದೂ ಗೊತ್ತಿರಲಿಕ್ಕಿಲ್ಲ. ನಮ್ಮ ಕಡೆಯಿಂದ ಹೋದ ಕಲ್ಲಿಗೆ ಅವನು ತನ್ನ ಕೈಲಾದ ಬೆಳಕು ಕೊಟ್ಟ. ಇಷ್ಟು ನೂರು ವರ್ಷವಾದ ಮೇಲೆ ಆ ವಿದ್ಯೆಯನ್ನು ನನ್ನ ಅಡುಗೆಮನೆಗೆ ಕಳಿಸಿದ, ನಿನ್ನ ಕಣ್ಣಿನಲ್ಲಿ, ರೊಲಾಂಡೊನ ಟಾರ್ಚಿನಲ್ಲಿ, ಮಗಳ ಬಲೆಯಲ್ಲಿ. ಸುಭಾನಲ್ಲಾಹ್ ಎನ್ನುವುದು ಬಿಟ್ಟು ನನಗೆ ಬೇರೆ ಮಾತು ಬರುತ್ತಿಲ್ಲ. ಸಂಜೆಯ ಮಗ್ರಿಬ್ ನಮಾಜಿನಲ್ಲಿ ಅಬ್ಬಾ ಹೆಸರಿನ ಜೊತೆ ಅವನಿಗಾಗಿಯೂ ದುವಾ ಕೇಳಿದೆ. ಅವನ ದೇವರು ಯಾರಿದ್ದರೋ, ಕೇಳುವುದು ನನ್ನ ಕೆಲಸ.

ಇನ್ನೂ ಬಹಳ ಹರಳು ಬಾಕಿ ಇವೆ. ಸಂಜೆ ಹೊತ್ತು ಇಬ್ಬರೂ ಕೂರುತ್ತೇವೆ. ಬದುಕಿ ಉಳಿದ ಅಬ್ಬಾರ ಹರಳುಗಳನ್ನು ನಾನು ಮುಟ್ಟುವುದಿಲ್ಲ. ಹತ್ತನೇ ತಾರೀಖು ಬೇಗ ಬಾ. ನಿನಗೆ ನನ್ನ ಪಕ್ಕದಲ್ಲೇ ಜಾಗ.

ನಿನ್ನ
ಸಾಬೆರಾ

•

ಮೀರಾ ಮೆಸಾ
12 ಜನವರಿ 2004

ಪ್ರೀತಿಯ ಸಾಬೆರಾ,

ಮನೆ ತಲುಪಿದೆವು. ನೀನು ಕಟ್ಟಿಕೊಟ್ಟ ಬಿರಿಯಾನಿ ಡಬ್ಬಿಯನ್ನು ನಮ್ಮವರು, ಸಸ್ಯಾಹಾರಿಗಳಾದರೂ, ವಾಸನೆ ನೋಡಿ ನೋಡಿ ಮುಚ್ಚಿಟ್ಟರು. ರೊಲಾಂಡೊಗೆ ಕೊಟ್ಟೆ, ಕೊಡು ಎಂದೇ ಅಲ್ಲವೇ ನೀನು ಕೊಟ್ಟದ್ದು? ಬ್ರೂಚು ಪೆಟ್ಟಿಗೆ ಸೇರಿ ಊರಿಗೆ ಹೊರಟುಹೋಯಿತು. ಆ ಕೋಣೆಯಲ್ಲಿ ಈಗ ಜಪಾನಿನ ಬೀಸಣಿಗೆಗಳಿವೆ. ನನ್ನ ಕುರ್ಚಿ ಅಲ್ಲೇ ಇದೆ, ಬುಧವಾರ ಹೋಗುತ್ತೇನೆ.

ಒಂದು ವಿಷಯ ಅಲ್ಲಿ ಎಲ್ಲರ ನಡುವೆ ಹೇಳಲಾಗಲಿಲ್ಲ. ಹೋದ ತಿಂಗಳು ಬಲಗಿವಿಯೂ ಹೋಯಿತು. ಮಿಷನ್ನು ಹಾಕಿಕೊಂಡು ಬಂದದ್ದು ನೋಡುವವರಿಗಾಗಿ. ನೀನು ಮಗಳ ಮದುವೆಯ ಸಂಭ್ರಮದಲ್ಲಿ ನನಗಾಗಿ ಕೊರಗಬಾರದೆಂದು ತಲೆಯಾಡಿಸುತ್ತ, ನಗುತ್ತ ಇದ್ದೆ. ಈಗಲೂ ಕೊರಗಬೇಡ. ಕೇಳು.

ಹೆಂಗಸರ ಕೋಣೆಗೆ ಖಾಜಿಯವರು ಹುಡುಗಿಯ ಒಪ್ಪಿಗೆ ಕೇಳಲು ಸಾಕ್ಷಿಗಳ ಜೊತೆ ಬಂದರಲ್ಲ, ಆಗ ಎಲ್ಲರೂ ಸುಮ್ಮನಾದದ್ದು ನನಗೆ ತುಟಿಗಳು ನಿಂತದ್ದರಿಂದ ಗೊತ್ತಾಯಿತು. ಅಲೀನಾ ತಲೆ ತಗ್ಗಿಸಿದ್ದಳು, ಮುಖದ ಮೇಲೆ ಸೆರಗಿತ್ತು. ಅವಳ ಬಾಯಿ ನನಗೆ ಕಾಣುತ್ತಿರಲಿಲ್ಲ. ಕಂಠ ಮಾತ್ರ ಕಾಣುತ್ತಿತ್ತು. ಕಿಟಕಿಯ ಬಿಸಿಲು ಬೇರೆಲ್ಲೋ ಬೀಳುತ್ತಿತ್ತು. ಖಾಜಿಯವರ ಗಡ್ಡ ಅಲುಗಿತು, ನಿಂತಿತು. ಎಲ್ಲರೂ ಕಾಯುತ್ತಿದ್ದರು. ಆಗ ಅವಳ ಗಂಟಲು ಒಂದು ಸಲ ಏರಿ ಇಳಿಯಿತು. ಅದರ ಜೊತೆ ಅಡ್ಡಿಕೆಯ ಅಷ್ಟೂ ಹರಳುಗಳು, ನಿನ್ನ ಅಬ್ಬಾ ಕೂರಿಸಿದ್ದು, ನೀವಿಬ್ಬರು ಕೂರಿಸಿದ್ದು, ಎಲ್ಲವೂ ಒಟ್ಟಿಗೆ ಒಮ್ಮೆ ಹೊತ್ತಿಕೊಂಡವು. ಮತ್ತೆ ಕೇಳಿದರು, ಮತ್ತೆ ಹೊತ್ತಿಕೊಂಡವು. ಮೂರನೆಯ ಸಲವೂ.

ಪಕ್ಕದಲ್ಲಿದ್ದ ಯಾರೋ ನನ್ನ ಕಡೆ ಬಗ್ಗಿ, ಹುಡುಗಿ ಮೆಲ್ಲಗೆ ಹೇಳಿದಳು, ನಿಮಗೆ ಕೇಳಿಸಿತೇ ಎಂದು ಸನ್ನೆಯಲ್ಲಿ ವಿಚಾರಿಸಿದರು.

ಮೂರು ಸಲವೂ ಕೇಳಿಸಿತು ಎಂದೆ.

ನಿನ್ನ
ಜಯಾ